ಕೊಡೆಗೂ ಹೊಲಿಗೆ ಯಂತ್ರಕ್ಕೂ ಒಂದೇ ಗಂಟಲು

ಅಂದು ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷದವರೆಗೆ ಯಲಹಂಕದಲ್ಲಿ ಯಾರು ಗೆಲ್ಲಬೇಕೆಂದು ತೀರ್ಮಾನಿಸುತ್ತಿದ್ದವರು ಮತದಾರರಲ್ಲ, ನನ್ನ ಸೋದರಮಾವ. ಹಾಗೆಂದು ಹೇಳುತ್ತಿದ್ದವರೂ ಅವರೇ!

ಎಂಬತ್ತರ ದಶಕದ ಪುರಸಭೆ ಚುನಾವಣೆ. ಮಾವ ತಮ್ಮ ಆಟೋಗೆ ಮೈಕ್ ಕಟ್ಟಿ, ಒಂದು ಕೈಯಲ್ಲಿ ಗಾಡಿ ಓಡಿಸುತ್ತಾ ಪ್ರಚಾರ ಕೂಗುತ್ತಿದ್ದರು. ಬೆಳಿಗ್ಗೆ ಕೊಡೆ ಗುರುತಿನವರಿಗೆ, ಊಟವಾದ ಮೇಲೆ ಹೊಲಿಗೆ ಯಂತ್ರದವರಿಗೆ! ಹಿಂದೆ ಕುಳಿತು ಕರಪತ್ರ ಎಸೆಯುತ್ತಿದ್ದ ನಾನು ಅವರ ಮನೆಯಲ್ಲೇ ಇದ್ದು ಓದುತ್ತಿದ್ದ ಬಿ.ಎ. ವಿದ್ಯಾರ್ಥಿ. ಇದು ಸರಿಯೇ ಎಂದು ಕೇಳಿದರೆ, "ನಲ್ಲೀಲಿ ನೀರಿಲ್ಲ ಅನ್ನೋದು ಬೆಳಿಗ್ಗೇನೂ ನಿಜ, ಸಾಯಂಕಾಲಾನೂ ನಿಜ ಕಣೋ" ಎನ್ನುತ್ತಿದ್ದರು. ಜನ ಮಾತನ್ನು ನೋಡಿ ಮತ ಹಾಕುವುದಿಲ್ಲ, ಗಂಟಲನ್ನು ನೋಡಿ ಹಾಕುತ್ತಾರೆಂಬುದು ಅವರ ಸಿದ್ಧಾಂತ. ಅಲ್ಲವೆನ್ನುವುದು ಹೇಗೆ? ಅತ್ತೆಯಂತೂ ಪ್ರತಿ ಸಲವೂ ಮಾವ ಕೊನೆಯಲ್ಲಿ ಕೂಗಿದ ಗುರುತಿಗೇ ಮುದ್ರೆ ಒತ್ತುತ್ತಿದ್ದರು.

ಅಂದು ಊಟವಾದ ಮೇಲೆ ಆಟೋದ ಬ್ಯಾನರ್ ಬದಲಾಗಿತ್ತು, ಟೀ ಕುಡಿಯುವ ಅಭ್ಯಾಸ ಬದಲಾಗಿರಲಿಲ್ಲ. ಕೊಡೆ ಅಭ್ಯರ್ಥಿಯ ಮನೆಯ ಟೀ ಚೆನ್ನಾಗಿರುತ್ತಿತ್ತು. ಮಾವ ಆ ಬೀದಿಗೇ ತಿರುಗಿದರು. ತೂತು ಕೊಡೆ ನಂಬಿ ನೆನೆಯಬೇಡಿ, ಹೊಲಿಗೆ ಯಂತ್ರಕ್ಕೆ ಮತ ಕೊಡಿ ಎಂದು ಆ ಅಭ್ಯರ್ಥಿಯ ಜಗಲಿಯ ಮುಂದೆಯೇ ಕೂಗಿ, ಗಾಡಿ ನಿಲ್ಲಿಸಿದರು ಬೇರೆ!

ಬೆಳಿಗ್ಗೆ ಟೀ ಕೊಟ್ಟಿದ್ದವನೇ ಎದ್ದು ಬಂದ. "ಏನ್ ಗುರು, ಊಟ ಆಗೋದ್ರೊಳಗೆ ಇಂಗೆ ತೂತು ಬಿತ್ತಾ ನಮ್ ಕೊಡೆಗೆ?"

"ಟೀ ಆದ್ಮೇಲೆ ಮಾತಾಡೋಣ" ಎಂದರು ಮಾವ. ಮೈಕ್ ಆರಿಸಿರಲಿಲ್ಲ. ಇಡೀ ಬೀದಿಗೆ ಕೇಳಿಸಿತು.

ಸರಿಯಾಗಿ ಮೂರು ಹತ್ತಕ್ಕೆ ಮೊದಲ ಕಲ್ಲು ಮೈಕಿನ ಹಾರ್ನ್‌ಗೆ ಬಡಿಯಿತು, ಎರಡನೆಯದು ಗಾಜಿಗೆ. ಉಳಿದವನ್ನು ನಾನು ನೋಡಲಿಲ್ಲ. ಕರಪತ್ರಗಳಲ್ಲಿ ಮುಖ ಹುದುಗಿಸಿದ್ದೆ, ನನ್ನ ಮೇಲೆ ಮಾವ ಬಿದ್ದಿದ್ದರು. ಯಾರೋ ಹಿರಿಯರು ಬಂದು ಬಿಡಿಸಿದರು. ಮಾವ ಹೆದರಿ ನನ್ನ ಮೇಲೆಯೇ ಬಿದ್ದರೆಂದು ಊರಿಗೆಲ್ಲ ಹೇಳಿ ನಗಿಸಿದೆ. ರಾತ್ರಿ ಮಾತ್ರ ತಗಡಿಗೆ ಕಲ್ಲು ಬಿದ್ದ ಸದ್ದಾಗಿ ಎದ್ದು ಕೂರುತ್ತಿದ್ದೆ. ಆಚೆ ಕೋಣೆಯಲ್ಲಿ ಮಾವನೂ ಹೊರಳಾಡುತ್ತಿದ್ದರು.

ಮತದಾನದ ದಿನ ಶಾಲೆಯ ಗೇಟಿನಲ್ಲಿ ಅತ್ತೆ ಎಂದಿನಂತೆ ಯಾರಿಗೆ ಹಾಕಲೆಂದು ಕೇಳಿದರು.

"ನಿಂಗ್ ಸರಿ ಕಂಡೋರಿಗೆ ಹಾಕೇ" ಎಂದರು ಮಾವ.

ಅತ್ತೆ ಒಳಗೆ ಎಷ್ಟು ಹೊತ್ತು ಯೋಚಿಸಿದರೆಂದರೆ, ಹೆಂಗಸರ ಸಾಲು ಗೊಣಗತೊಡಗಿತು!

ಗಂಡಸರ ಸಾಲಿನಲ್ಲಿ, ಮತಗಟ್ಟೆಯವರು ಶಾಯಿ ಹಚ್ಚಲು ನನ್ನ ಮುಂದಿದ್ದ ಮಾವನ ಎಡಗೈ ಕೇಳಿದರು. ಮಾವನಿಗೆ ಎತ್ತಲಾಗಲಿಲ್ಲ. ಬಲಗೈಯಿಂದ ಅದನ್ನು ಹಿಡಿದೆತ್ತಿ ಮೇಜಿನ ಮೇಲಿಟ್ಟರು. ಅಂಗಿ ಸರಿದು ಭುಜ ಕಂಡಿತು. ಕಪ್ಪುಗಟ್ಟಿತ್ತು. ಮಾವ ಬಿದ್ದಿರಲಿಲ್ಲ, ನನ್ನನ್ನು ಮುಚ್ಚಿಕೊಂಡಿದ್ದರು.

"ನಿಮ್ಮತ್ತೆಗೆ ಹೇಳ್ಬೇಡ" ಎಂದರು, ಮೈಕ್ ಇಲ್ಲದ ಸಣ್ಣ ದನಿಯಲ್ಲಿ.

ಅಂದು ರಾತ್ರಿ ನನ್ನ ಚಾಪೆಯನ್ನು ಅವರ ಎಡಗಡೆಗೆ ಹಾಸಿದೆ, ಆ ಭುಜದ ಮೇಲೆ ಹೊರಳದಿರಲೆಂದು. ಬೆಳಗಿನವರೆಗೆ ಇಬ್ಬರಿಗೂ ಎಚ್ಚರವಾಗಲಿಲ್ಲ.