ಕಣ್ಣಿನ ಹನಿಗೆ ಕಿವಿ ಕಾಯ್ದದ್ದು

ಹೆದರೋ ಮನುಷ್ಯಾನ ಬಾಳಿನ್ಯಾಗ ನಗು ಬರೋ ಸಂಗತಿ ಹೆಚ್ಚು ನಡೀತಾವ. ನನಗ ಔಷಧ ಅಂದ್ರ ಹೆದರಿಕಿ. ಅದಕ್ಕ ಇವು ನನ್ನ ಬೆನ್ನು ಬಿಟ್ಟಿಲ್ಲ.

ಪರದೆ ಹಿಂದ

ಹೋದ ವರ್ಷ ನನ್ನ ಹೆಂಡತಿ ಸಿಂಧನೂರಿನ ದವಾಖಾನ್ಯಾಗ ಇದ್ದಳು. ಕಾಲಿನ ಹುಣ್ಣಿನ ನಂಜು ರಕ್ತಕ್ಕ ಏರಿತ್ತು. ಜೆಂಟಾಮೈಸಿನ್ ಅನ್ನೋ ಔಷಧ ಸಲಾಯಿನ್ ಜೋಡಿ ಬಿಡತಿದ್ರು.

"ಇದು ಕಿಡ್ನಿಗೆ, ಕಿವಿಗೆ ಪೆಟ್ಟು ಕೊಡಬಹುದು. ಮೂತ್ರ ಅಳೀರಿ. ಕಿವಿ ಮಂದ ಆದ್ರ ತಕ್ಷಣ ಹೇಳ್ರಿ" ಅಂದ್ರು ಡಾಕ್ಟರ್.

ಆಕಿ ಕಿವಿ ನಾನ ಪರೀಕ್ಷೆ ಮಾಡಾಕ ಹತ್ತಿದೆ. ದಿನಾ ಮುಂಜಾನೆ ಆಕಿ ಮಂಚದ ಪರದೆ ಹಿಂದ ನಿಂತು ಮೆಲ್ಲಕ ಅಂತಿದ್ದೆ: "ನಿಮ್ಮಣ್ಣ ಜಿಪುಣ."

"ನಿಮ್ಮಪ್ಪಗಿಂತ ಕಮ್ಮಿ!" ಅಂತ ಒಳಗಿಂದ ಬರತಿತ್ತು.

ನರ್ಸಮ್ಮ ಅಂದಳು: "ಯಜಮಾನ್ರ, ಕಿವಿ ಚಲೋ ಅದಾವ. ಬಾಯಿ ಇನ್ನೂ ಚಲೋ ಐತಿ."

ಬಾಟಲಿ

ಕಿವಿ ಕಡೀತನಕ ಚಲೋ ಇದ್ದವು. ನಂಜು ಇಳೀಲಿಲ್ಲ. ಆಕಿ ಹೋದಳು.

ಈ ಸುಗ್ಗ್ಯಾಗ ಬಳಗಾನೂರಿನ ಗದ್ದ್ಯಾಗ ಭತ್ತದ ಸುಂಕಿನ ಧೂಳು ನನ್ನ ಕಣ್ಣಿಗೆ ಬಿತ್ತು. ಕಣ್ಣು ಕೆಂಪಾಗಿ ಕೀವು ಬಂತು. ಲಿಂಗಸುಗೂರಿನ ಕಣ್ಣಿನ ಡಾಕ್ಟರ್ ಹನಿ ಬರದು ಕೊಟ್ರು. ಮನಿಗೆ ಬಂದು ಮಗಳ ಕಡಿಂದ ಹೆಸರು ಓದಿಸಿದೆ. ಜೆಂಟಾಮೈಸಿನ್. ಆಕಿಗೆ ಕೊಟ್ಟ ಅದೇ ಔಷಧ!

ಬಿಟ್ರ ಕಣ್ಣು ಹೋದೀತು. ಹಾಕಿದ್ರ ಕಿವಿ ಹೋದೀತು. ಎರಡೂ ಕಿವಿಗೆ ಹತ್ತಿ ಉಂಡಿ ತುರುಕಿಕೊಂಡು ಹನಿ ಹಾಕಿದೆ. ಮರುದಿನ ದೊಡ್ಡ ಬಾಟಲಿಯೊಳಗ ಮೂತ್ರ ತುಂಬಿಕೊಂಡು ಬಸ್ ಹತ್ತಿದೆ. ಡಾಕ್ಟರ್ ಮೇಜಿನ ಮ್ಯಾಲೆ ಇಟ್ಟೆ.

"ಏನ್ರೀ ಯಜಮಾನ್ರ ಇದು?"

"ಅಳದು ತಂದೀನ್ರೀ. ಕಿಡ್ನಿ ನೋಡ್ರಿ."

ಅವರು ಸಮಾಧಾನದಿಂದ ಹೇಳಿದ್ರು: "ಸಲಾಯಿನ್ ಜೋಡಿ ಕೊಟ್ಟದ್ದು ರಕ್ತದಾಗ ಮೈತುಂಬ ಹೋಗತೈತಿ. ಕಣ್ಣಿಗೆ ಹಾಕಿದ್ದು ಅಲ್ಲೇ ಕೆಲಸ ಮಾಡತೈತಿ. ರಕ್ತಕ್ಕ ಸೇರೋದು ತೀರಾ ಕಮ್ಮಿ." ಆಮ್ಯಾಲೆ ಬಾಟಲಿ ನೋಡಿದ್ರು. "ಒಂದು ಹನಿಗೆ ಇಷ್ಟು ತಂದೀರಿ. ಸಲಾಯಿನ್ ಹಚ್ಚಿದ್ರ ಕಾಲುವೆನ ತರತಿದ್ರಿ!"

ಕಿವಿ ಪರೀಕ್ಷೆ

ಡಾಕ್ಟರ್ ಮಾತು ತಲಿಗೆ ಹೋತು, ಎದಿಗೆ ಹೋಗಲಿಲ್ಲ. ಆ ರಾತ್ರಿ ಮತ್ತ ಹತ್ತಿ ತುರುಕಿಕೊಂಡೇ ಹನಿ ಹಾಕಿದೆ. ಹಂಗ ನಿದ್ದಿ ಹತ್ತಿತು.

ಎಚ್ಚರಾದಾಗ ಬೆಳಕಾಗಿತ್ತು. ಗುಬ್ಬಿ ಸಪ್ಪಳಿಲ್ಲ. ಬಸ್ಸಿನ ಸಪ್ಪಳಿಲ್ಲ. ಮುಗೀತು, ಕಿವಿ ಹೋದವು. ಆಕಿ ಮಲಗತಿದ್ದ ಕಡೆ ಹೊಳ್ಳಿ ಅಂದೆ: "ನಿಮ್ಮಣ್ಣ ಜಿಪುಣ."

ಉತ್ತರ ಎಲ್ಲಿಂದ ಬರಬೇಕು? ಆದ್ರೂ ಕಾಯ್ದೆ.

ಬಾಗಿಲಾಗ ಆಕಿ ಅಣ್ಣ ನಿಂತಿದ್ದ. ನನ್ನ ಕಣ್ಣು ನೋಡಾಕ ಮಸ್ಕಿಯಿಂದ ಬಂದಿದ್ದ. ಬಾಯಿ ಅಲ್ಲಾಡಾಕತ್ತಿತ್ತು, ಮಾತು ಕೇಳವಲ್ಲದು. ನಾ ಅಳಾಕತ್ತೆ.

ಆತ ಹತ್ರ ಬಂದು ಎರಡೂ ಕಿವ್ಯಾಗಿನ ಹತ್ತಿ ಕಿತ್ತ.

"ಈಗ ಕೇಳಲೇ. ಜಿಪುಣ ಆಗಿದ್ರ ನಿನಗ ನನ್ನ ತಂಗಿನ ಕೊಡತಿದ್ನೇನು?"