ಬ್ರಹ್ಮಚಾರಿ ಸಂಘದ ಹೋಳಿಗೆ ಊಟ

ಇನ್ನು ನೂರು ವರ್ಷ ಕಳೆದರೂ ನನ್ನನ್ನು ಹಸೆಮಣೆಯ ಮೇಲೆ ಕೂರಿಸುವ ಧೀರರು ಈ ಕೌಲ್ ಬಜಾರಿನಲ್ಲಿ ಹುಟ್ಟುವುದಿಲ್ಲ!

೧೯೭೪ರ ಒಂದು ಭಾನುವಾರ ಬೆಳಿಗ್ಗೆ ಹೀಗೆಂದು ಘೋಷಿಸಿದವನು ನಾನೇ. ಹಾಲಸಿದ್ದಪ್ಪ, ಕಚೇರಿ ಗುಮಾಸ್ತ, ವಯಸ್ಸು ಇಪ್ಪತ್ತೊಂಬತ್ತು, ಬಳ್ಳಾರಿ ಬ್ರಹ್ಮಚಾರಿ ಸಂಘದ ಸ್ವಯಂಘೋಷಿತ ಅಧ್ಯಕ್ಷ. ಸಂಘಕ್ಕೆ ಅಂದು ವರ್ಷ ತುಂಬಿತ್ತು. ಒಂಟಿ ಬಾಳಿನ ಸಂಭ್ರಮಕ್ಕೆ ಹೋಳಿಗೆ ಊಟ! ಸಿರುಗುಪ್ಪ, ಕುರುಗೋಡಿನಿಂದ ಒಂಬತ್ತು ಮಂದಿ ಸದಸ್ಯರು ಆಗಲೇ ಬಸ್ಸು ಹತ್ತಿದ್ದರು. ನಮ್ಮ ಕೋಣೆಯ ಗೋಡೆಯ ಮೇಲೆ ನನ್ನದೇ ದುಂಡು ಅಕ್ಷರದಲ್ಲಿ ಸಂಘದ ನಿಯಮ ಮೆರೆಯುತ್ತಿತ್ತು: "ಸದಸ್ಯರ ಎದುರು ಮದುವೆ ಮಾತೆತ್ತಿದವರು ಅಂದಿನ ಪಾತ್ರೆಗಳನ್ನೆಲ್ಲ ತಿಕ್ಕತಕ್ಕದ್ದು."

ಕೊಪ್ಪರಿಗೆ ಕೇಳಲು ಹೋದಾಗ ಮನೆ ಮಾಲೀಕರಾದ ಅಕ್ಕನಾಗಮ್ಮನವರು ನಕ್ಕರು.

"ಹೋಳಿಗಿ ಅಂದ್ರ ಉಪ್ಪಿಟ್ಟು ಅಂತ ತಿಳದೀಯೇನಪಾ? ನಾ ಬರ್ಲೇನು?"

"ಬ್ಯಾಡ್ರೀ ಅವ್ವಾರೆ! ಇದು ಹೆಣ್ಮಕ್ಕಳ ಕೈ ತಾಗದ ಹೋಳಿಗಿ!" ಎಂದು ಎದೆ ಉಬ್ಬಿಸಿದೆ.

ನನ್ನ ಕೋಣೆಯ ಜೊತೆಗಾರ, ಸಿರಿಗೇರಿಯ ದುರುಗಪ್ಪ ಕಡಲೆಬೇಳೆ ಒಲೆಗೇರಿಸಿ ಕೇಳಿದ, "ಅಣ್ಣಾ, ಬೆಲ್ಲ ಯಾವಾಗ ಹಾಕೂದು?"

"ಈಗ್ಲೇ ಹಾಕಲೇ! ಎರಡೂ ಕೂಡಿ ಕುದ್ರ ಟೈಮ್ ಉಳಿತೈತಿ!"

ಎರಡು ತಾಸು ಕುದಿಸಿದೆವು. ಬೇಳೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ರುಬ್ಬುವ ಕಲ್ಲಿಗೆ ಹಾಕಿದರೆ ಒಂದು ಬೇಳೆ ಸಿಡಿದು ದುರುಗಪ್ಪನ ಕೆನ್ನೆಗೇ ಬಡಿಯಿತು.

"ಅಣ್ಣಾ, ಇದು ಬ್ಯಾಳಿ ಅಲ್ಲ, ಬಳ್ಳಾರಿ ಗುಡ್ಡದ ಕಲ್ಲು!"

ಅಷ್ಟರಲ್ಲಿ ಸದಸ್ಯರೆಲ್ಲ ಬಂದಿಳಿದಿದ್ದರು. ಹೊರಗೆ ಊಟದ ಎಲೆ ಹಾಕಿಕೊಂಡು ಕೂತಿದ್ದ ಸಿರುಗುಪ್ಪದ ಹಂಪಯ್ಯ ಗುಡುಗಿದ, "ಅಧ್ಯಕ್ಷರೇ! ಹೋಳಿಗಿ ಸಿಗಲಿಲ್ಲಂದ್ರ ಸಂಘ ಇವತ್ತಿಗೇ ಬರ್ಖಾಸ್ತು!"

ಅಯ್ಯೋ, ನನ್ನ ಸಂಘ! ನನ್ನ ಅಧ್ಯಕ್ಷಗಿರಿ! ಉಬ್ಬಿಸಿದ ಎದೆಯನ್ನು ಅಲ್ಲೇ ಬಿಟ್ಟು ಅಕ್ಕನಾಗಮ್ಮನವರ ಬಾಗಿಲಿಗೆ ಓಡಿದೆ. ಅವರು ತಮ್ಮ ತಂಗಿಯ ಮಗಳು ಚನ್ನವೀರಮ್ಮನನ್ನು ಕಳಿಸಿದರು. ಕೊಳಗಲ್ಲಿನ ಶಾಲೆಯಲ್ಲಿ ಆಕೆ ಅಕ್ಕೋರು. ಸೆರಗು ಸಿಕ್ಕಿಸಿಕೊಂಡು ಕೊಪ್ಪರಿಗೆಯಲ್ಲಿ ಇಣುಕಿದರು.

"ಬ್ಯಾಳಿ ಬೇಯೋಕ ಮೊದ್ಲ ಬೆಲ್ಲ ಹಾಕಿದೋರು ಯಾರ್ರೀ?"

ನಾನು ದುರುಗಪ್ಪನನ್ನು ತೋರಿಸಿದೆ, ದುರುಗಪ್ಪ ನನ್ನನ್ನು ತೋರಿಸಿದ.

"ಬೆಲ್ಲ ಬಿದ್ದ ಮ್ಯಾಲ ಬ್ಯಾಳಿ ಬೇಯಂಗಿಲ್ಲ. ಮೂರನೇ ಕ್ಲಾಸಿನ ಹುಡುಗೀನೂ ಹೇಳ್ತಾಳ!"

ಬೆಲ್ಲದ ನೀರನ್ನು ಬಸಿದು ಬೇರೆ ಇಟ್ಟರು, ಹೊಸ ನೀರು ಹಾಕಿದರು, ಚಿಟಿಕೆ ಸೋಡಾ ಉದುರಿಸಿದರು. ಒಂದು ತಾಸಿನಲ್ಲಿ ಬೇಳೆ ಬೆಣ್ಣೆಯಂತಾಯಿತು! ತೆಗೆದಿಟ್ಟ ಬೆಲ್ಲದ ನೀರನ್ನು ಮತ್ತೆ ಅದಕ್ಕೇ ಸುರಿದು, ಗಟ್ಟಿಯಾಗಿಸಿ ಹೂರಣ ರುಬ್ಬಿದರು. ಹಂಚಿನ ಮೇಲೆ ಹೋಳಿಗೆ ಉಬ್ಬತೊಡಗಿತು. ಹಂಪಯ್ಯ ಹನ್ನೊಂದು ಹೊಡೆದ. ನಾನು? ಹಿಟ್ಟು ಮೆತ್ತಿದ ಆ ಕೈಗಳನ್ನು ನೋಡುತ್ತಾ ಎಷ್ಟು ತಿಂದೆನೆಂಬುದನ್ನೇ ಮರೆತೆ. ನಿಜ ಹೇಳಿಬಿಡುತ್ತೇನೆ, ಆ ಅಕ್ಕೋರ ಮೇಲೆ ನನಗೆ ಮನಸ್ಸಾಗಿತ್ತು!

ಊಟ ಮುಗಿಸಿ ಅಕ್ಕೋರು ಗೋಡೆಯ ಮೇಲಿನ ನಿಯಮ ಓದಿದರು.

"ಅಧ್ಯಕ್ಷರೇ, ನನ್ನ ಹೆಸರೂ ಬರಕೊಳ್ರಿ. ದೊಡ್ಡವ್ವ ತಿಂಗಳಿಗೊಂದು ಗಂಡು ತೋರಸ್ತಾಳ, ನನಗ ಸಾಕಾಗೈತಿ. ಹೆಣ್ಮಕ್ಕಳು ಸೇರಬಾರದು ಅಂತ ಎಲ್ಲೂ ಬರದಿಲ್ಲಲ್ಲ?"

ಬರೆದಿರಲಿಲ್ಲ! ಸದಸ್ಯರು ಚಪ್ಪಾಳೆ ತಟ್ಟಿದರು. ನಾನೇ ಆಕೆಯ ಹೆಸರು ಬರೆದೆ. ಆದರೆ ಎಲೆ ಅಡಿಕೆ ಕೊಡುವಾಗ ನಾಲಿಗೆ ನನ್ನ ಮಾತು ಕೇಳಲಿಲ್ಲ.

"ಅಕ್ಕೋರೇ, ಸಂಘ ಖರೇ ಐತಿ... ಆದ್ರೂ ಮನುಷ್ಯಾ ಅಂದಮ್ಯಾಲ ಒಂದಿನ ಮದುವಿ..."

"ನಿಯಮ!" ಎಂದು ಒಂಬತ್ತು ಗಂಟಲು ಒಟ್ಟಿಗೇ ಕೂಗಿದವು. ದುರುಗಪ್ಪ ಆಗಲೇ ಬೂದಿ, ತೆಂಗಿನ ನಾರು ತಂದು ನನ್ನ ಕೈಗಿಟ್ಟಿದ್ದ.

ಅಂಗಳದಲ್ಲಿ ಕೂತು ತಿಕ್ಕಿದೆ. ಅಕ್ಕನಾಗಮ್ಮನವರು ಬಾಗಿಲಲ್ಲಿ ನಿಂತು ನೋಡಿದರು.

"ಚನ್ನೀ, ಹುಡುಗ ಪಾತ್ರಿ ಹೆಂಗ ತಿಕ್ಕತಾನ ನೋಡು! ಇಂಥವ ಮತ್ತ ಸಿಗಂಗಿಲ್ಲವ್ವಾ!"

ಕೊಪ್ಪರಿಗೆಯನ್ನು ಇನ್ನೂ ಜೋರಾಗಿ ತಿಕ್ಕಿ, ತೊಳೆದು, ಮುಂದಿಟ್ಟೆ. ಅಕ್ಕೋರು ಬಗ್ಗಿ, ಅದರ ತಳದಲ್ಲಿ ಒಂದು ಬೆರಳಾಡಿಸಿದರು.

"ಇನ್ನೂ ಬೆಲ್ಲ ಐತಿ ದೊಡ್ಡವ್ವ. ನಪಾಸು!"