ಮೂರು ನಿಮಿಷದ ಮೂತಿಹುಳ

ಮುಗಲುಲ ಮಾಡಿದ ತಪ್ಪು ಒಂದೇ. ಬಡಾವಣೆಯ ಚೇರ್ಮನ್ ಕಾಟೆರೆಗ್ಗರ ಫೋನು ಎರವಲು ಕೇಳಿದ.

ಕೇಳದೆ ವಿಧಿಯಿರಲಿಲ್ಲ. ಅವನ ಫೋನು ಹಿಂದಿನ ದಿನ ಬಾಡಿಗೆಯ ಬೋಡಾ ಬೈಕಿನಿಂದ ಕೆಳಗೆ ಬಿದ್ದು, ಮಾತಿಗೆ ಬರುತ್ತಿತ್ತೇ ಹೊರತು ಕ್ಯಾಮೆರಾ ಕುರುಡಾಗಿತ್ತು. ಮಧ್ಯಾಹ್ನ ಎರಡರೊಳಗೆ ವಿಶ್ವವಿದ್ಯಾಲಯಕ್ಕೆ ಒಂದು ವಿಡಿಯೋ ಕಳಿಸಬೇಕಿತ್ತು. ತನ್ನ ಸಂಶೋಧನೆಯನ್ನು ವಿಜ್ಞಾನದ ಗಂಧಗಾಳಿ ಇಲ್ಲದವರಿಗೂ ತಿಳಿಯುವ ಹಾಗೆ ಮೂರೇ ನಿಮಿಷದಲ್ಲಿ ಹೇಳಬೇಕು. ಮೊದಲನೇ ಸ್ಥಾನ ಬಂದವನಿಗೆ ಪ್ರಯೋಗಶಾಲೆಯ ಕೋಣೆ ಇನ್ನೊಂದು ವರ್ಷ. ಉಳಿದವರು ಗಂಟುಮೂಟೆ ಕಟ್ಟಬೇಕು.

ಆ ಕೋಣೆಯ ಡಬ್ಬಿಗಳಲ್ಲಿ ನಾಲ್ಕು ವರ್ಷದಿಂದ ಅವನು ಬಾಳೆಯ ಮೂತಿಹುಳ ಸಾಕುತ್ತಿದ್ದ. ಹೆಂಡತಿಯ ಹುಟ್ಟುಹಬ್ಬ ಮರೆತಾನು, ಹುಳಗಳ ಊಟ ಮರೆತವನಲ್ಲ. ಸಾಕುತ್ತಿದ್ದದ್ದು ಕೊಲ್ಲುವುದಕ್ಕೇ ಅನ್ನುವುದು ಬೇರೆ ಮಾತು. ಇನ್ನೊಂದು ವರ್ಷ ಸಿಕ್ಕರೆ ಅವುಗಳ ಮೈಮೇಲೆ ಬೆಳೆದು ಅವನ್ನು ಮುಗಿಸುವ ಬೂಷ್ಟು ಕೈಗೆ ಬರುತ್ತಿತ್ತು.

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುತ್ತಾರೆ. ಚೇರ್ಮನ್ನರ ಹತ್ತಿರ ಅದೆಲ್ಲ ನಡೆಯುವುದಿಲ್ಲ. ಅವರು ಫೋನು ಕೊಡಲಿಲ್ಲ, ಫೋನಿನ ಜೊತೆಗೆ ತಾವೇ ಬಂದರು, ಅದೂ ಮದುವೆಯ ಕೋಟು ತೊಟ್ಟುಕೊಂಡು.

ಹತ್ತು ಗಂಟೆಗೆ ಬಡಾವಣೆಯ ನಾಲೋಂಗೋ ಎಂಬಾಕೆಯ ಬಾಳೆತೋಟದಲ್ಲಿ ಮುಗಲುಲ ನಿಂತ. ಅವನ ಹುಳ ಹಿಡಿಯುವ ದಿಂಡಿನ ತುಂಡುಗಳೆಲ್ಲ ಅಲ್ಲೇ ಇದ್ದವು.

"ಬಾಳೆಗಿಡ ಬೀಳೋದು ಗಾಳಿಗಲ್ಲ," ಎಂದು ಶುರುಮಾಡಿದ. "ಬುಡದ ಗಡ್ಡೇನ ಒಳಗಿಂದ ಒಂದು ಹುಳ..."

ಚೇರ್ಮನ್ ಫೋನು ಇಳಿಸಿಬಿಟ್ಟರು. "ಅಯ್ಯೋ ನಿನ್ನ! ವಂದನೆ ಎಲ್ಲಯ್ಯಾ? ಸಾವಿನ ಸುದ್ದಿ ತಂದೋನೂ ಮೊದಲು ಚೆನ್ನಾಗಿದ್ದೀರಾ ಅಂತಾನೆ."

"ಚೇರ್ಮನ್ರೇ, ಇರೋದು ಮೂರೇ ನಿಮಿಷ."

"ಒಂದು ವಂದನೆಗೆ ಎಷ್ಟು ಹೊತ್ತು ಬೇಕು? ನಾನೇನು ನನ್ನ ಹೆಸರು ಹೇಳು ಅಂದ್ನಾ?" ಎಂದು ಅವರು ಕೋಟಿನ ಗುಂಡಿ ಹಾಕಿಕೊಂಡರು.

ಫೋನು ಅವರದು. ಎರಡನೇ ಸಲ ಅವರ ಹೆಸರು ಬಂತು. ಅಡುಗೆಯ ಮಟೋಕೆ ಬಾಳೆಕಾಯಿ ಸುಲಿಯುತ್ತಿದ್ದ ನಾಲೋಂಗೋ ಚಾಕು ಕುಕ್ಕಿದಳು. ಅವಳಿ ಹೆತ್ತವಳು ಅವಳು, ಆ ಹೆಸರು ಬಂದದ್ದೇ ಅದರಿಂದ. ಅವಳನ್ನು ದಾಟಿಕೊಂಡು ಹೋಗುವ ಧೈರ್ಯ ಬಡಾವಣೆಯಲ್ಲಿ ಯಾರಿಗೂ ಇರಲಿಲ್ಲ.

"ಓಹೋ! ತೋಟ ನಂದು, ಗಿಡ ನಂದು, ಆ ದರಿದ್ರ ಹುಳಾನೂ ನಂದೇ. ವಂದನೆ ಮಾತ್ರ ಚೇರ್ಮನ್ನರಿಗಾ? ಅವಳಿ ಹೆತ್ತವಳನ್ನ ಬಿಟ್ಟು ಶುರುಮಾಡಿದ ಕೆಲಸ ಯಾವತ್ತಾದ್ರೂ ಉದ್ಧಾರ ಆಗಿದ್ಯಾ?"

"ತಪ್ಪಾಯ್ತು ಅಮ್ಮಾ, ಸೇರಿಸ್ತೀನಿ."

ಸೇರಿಸಿದ. ಅವಳಿ ಮಕ್ಕಳ ಹೆಸರನ್ನೂ ಸೇರಿಸಿದ. ಅಷ್ಟರಲ್ಲಿ ನಿವೃತ್ತ ಹೆಡ್ ಮೇಷ್ಟ್ರು ಮುವೊಂಗೆ ಬೇಲಿಯಾಚೆಯಿಂದ ಕೋಲು ಎತ್ತಿದರು. ಮುಗಲುಲನಿಗೆ ಅಕ್ಷರ ಕಲಿಸಿದವರು ಅವರು. ಅವನ ಬೆನ್ನಿಗೆ ಆ ಕೋಲಿನ ಗುರುತು ಇನ್ನೂ ಇತ್ತು.

"ಯಾವ ಕುಲ? ಅಪ್ಪ ಯಾರು? ತಾತ ಯಾರು? ಏನೂ ಹೇಳ್ಲಿಲ್ಲ. ಮಳೆ ಜೊತೆ ಉದುರಿದ್ಯೇನೋ?"

"ಸಾರ್, ಇದು ವಿಜ್ಞಾನ. ಇದಕ್ಕೆ ತಾತ ಯಾಕೆ?"

"ತಾತ ಇಲ್ದೆ ನೀನೇ ಇಲ್ಲ, ಇನ್ನು ನಿನ್ನ ವಿಜ್ಞಾನ ಎಲ್ಲಿಂದ ಬಂತು?"

ಮುಗಲುಲ ಮಿಡತೆ ಕುಲದವನು. ನಾಲೋಂಗೋಗೆ ಅದು ಸರಿಬರಲಿಲ್ಲ. "ಮಿಡತೆ ಕುಲದೋನು ಅಂದ್ಕೊಂಡು ಹುಳ ಸಾಯಿಸೋ ಮಾತಾಡಿದ್ರೆ ನೋಡಿದೋರು ನಗಲ್ವಾ?"

"ಅದಕ್ಕೇ ಮೊದಲು ಕುಲದ ಹಿರಿಯರ ಕ್ಷಮೆ ಕೇಳ್ಲಿ," ಎಂದರು ಮೇಷ್ಟ್ರು. ಅದಕ್ಕೆ ಇಪ್ಪತ್ತು ಸೆಕೆಂಡು ಹೋಯಿತು.

ಸುದ್ದಿ ಬೀದಿಗೆ ಹಬ್ಬಿತು. ಬೋಡಾ ಸವಾರರ ಸಂಘ ಬಂತು, ಇಗರ್ಜಿಯ ಗಾಯಕಿಯರು ಬಂದರು. ಯಾರ ಹೆಸರನ್ನು ಬಿಟ್ಟರೂ ನಾಳೆ ಅದೇ ಬೀದಿಯಲ್ಲಿ ನಡೆಯಬೇಕಲ್ಲ! ಮುಗಲುಲ ಹೇಳುತ್ತ ಹೋದ, ಹುಳ ಹಿಂದೆ ಹಿಂದೆ ಸರಿಯುತ್ತ ಹೋಯಿತು. ಹನ್ನೊಂದನೇ ಸಲದ ಹೊತ್ತಿಗೆ ಗಂಟೆ ಒಂದೂ ಮುಕ್ಕಾಲು. ಫೋನಿನ ಬ್ಯಾಟರಿ ಕೊನೆಯುಸಿರು ಎಳೆಯುತ್ತಿತ್ತು.

"ಕಡೇ ಸಲ!" ಎಂದ ಮುಗಲುಲ. ಅಳುವುದೊಂದು ಬಾಕಿ. ಎಲ್ಲರ ಹೆಸರೂ ಸರಾಗವಾಗಿ ಬಂತು. ತಾತನ ಹೆಸರು ಹೇಳುವಾಗ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. "ಇಷ್ಟು ಜನರ ಆಶೀರ್ವಾದದಿಂದ ನಾನು ಹೇಳಬೇಕೆಂದಿರುವ ನನ್ನ ಸಂಶೋಧನೆ ಏನೆಂದರೆ..."

"ಮೂರು ನಿಮಿಷ!" ಎಂದು ಚೇರ್ಮನ್ ನಿಲ್ಲಿಸಿದರು. ಅವನು ಓಡಿ ಬರುವಷ್ಟರಲ್ಲಿ ಗುಂಡಿಯನ್ನೂ ಒತ್ತಿದರು. "ಕಳಿಸ್ದೆ ಕಣಪ್ಪಾ! ನಿಯಮ ಅಂದ್ರೆ ನಿಯಮ." ಹಿಂದೆಯೇ ಫೋನು ಪ್ರಾಣ ಬಿಟ್ಟಿತು.

ಮುಗಲುಲ ದಿಂಡಿನ ಮೇಲೆ ಕುಸಿದ. ನಾಲ್ಕು ವರ್ಷ ಮಣ್ಣುಪಾಲಾಗಿತ್ತು. ನಾಲೋಂಗೋ ಬೇಯಿಸಿದ ಮಟೋಕೆ ತಂದಿಟ್ಟರೂ ಮುಟ್ಟಲಿಲ್ಲ.

ಸಂಜೆ ಐದಕ್ಕೆ ಅವನ ಕುರುಡು ಫೋನು ಬಡಿದುಕೊಂಡಿತು. ವಿಶ್ವವಿದ್ಯಾಲಯದಿಂದ ಪ್ರೊಫೆಸರ್ ಟಿಬೆಂಡೆರಾನ.

"ಮುಗಲುಲಾ, ಮೊದಲನೇ ಸ್ಥಾನ ಕಣಯ್ಯಾ!"

"ಸರ್, ನೊಂದೋನನ್ನ ಗೇಲಿ ಮಾಡ್ಬೇಡಿ."

"ಗೇಲಿ ಅಲ್ಲಯ್ಯಾ. ತೀರ್ಪುಗಾರರು ಮೂವರಿಗೂ ವಿಜ್ಞಾನ ಬರಲ್ಲ, ಅದಕ್ಕೇ ಅವರನ್ನ ಕೂರಿಸಿದ್ದು. ಉಳಿದ ಹತ್ತೊಂಬತ್ತು ವಿಡಿಯೋ ತಲೆಗೇ ಹತ್ತಲಿಲ್ವಂತೆ. ನಿಂದು ಮಾತ್ರ ಒಂದಕ್ಷರ ಬಿಡದೆ ಅರ್ಥ ಆಯ್ತಂತೆ. ನಿನ್ನ ತಾತ ಬಂದಾಗ ಒಬ್ರು ಕಣ್ಣೊರೆಸ್ಕೊಂಡ್ರು."

ಫೋನಿನ ದನಿ ಕೇಳಿ, ಇನ್ನೂ ಅಲ್ಲೇ ಕೂತಿದ್ದ ಗಾಯಕಿಯರು ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕಿದರು. "ನಾನು ಹೇಳ್ಲಿಲ್ವಾ?" ಎಂದು ಚೇರ್ಮನ್ ಎಲ್ಲರ ಕೈ ಕುಲುಕಿದರು. ಮುಗಲುಲನ ಕಾಲು ಭೂಮಿಗೆ ತಾಗುತ್ತಿರಲಿಲ್ಲ.

"ಹಾಗಾದ್ರೆ ಕೋಣೆ ಇನ್ನೊಂದು ವರ್ಷ ನಂದೇ ಅಲ್ವಾ ಸರ್?"

"ನಿಂಗ್ಯಾಕಯ್ಯಾ ಕೋಣೆ? ವಿಡಿಯೋನ ಕುಲಪತಿಗಳೂ ನೋಡಿದ್ರು. ಇಂಥಾ ನಾಲಿಗೆ ಹುಳದ ಮಧ್ಯೆ ಕೊಳೀಬಾರದು ಅಂದ್ರು. ಸೋಮವಾರದಿಂದ ನೀನು ಅತಿಥಿ ಸತ್ಕಾರದ ಕಚೇರಿಗೆ. ಇನ್ಮೇಲೆ ಯಾವ ಸಮಾರಂಭ ಆದ್ರೂ ಸ್ವಾಗತ ಭಾಷಣ ನಿಂದೇ. ಕೋಣೇನ ಎರಡನೇ ಸ್ಥಾನದವನಿಗೆ ಕೊಟ್ಟಾಯ್ತು."

"ಸರ್... ನನ್ನ ಹುಳಗಳು?"

"ನಾಳೆ ಅವನು ಡಬ್ಬಿ ಖಾಲಿ ಮಾಡ್ತಾನೆ. ಅದಕ್ಕೆ ಮುಂಚೆ ಬಂದು ಅವಕ್ಕೂ ಬೀಳ್ಕೊಡುಗೆಯ ನಾಲ್ಕು ಮಾತು ಹೇಳಿ ಹೋಗು. ಚೆನ್ನಾಗಿ ಹೇಳ್ತೀಯ."